ನಮ್ಮ ಕಲಾಸಂಘಕ್ಕೆ ಅಂಗವಿಕಲರನ್ನು ಸೇರಿಸಿಕೊಳ್ಳುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮಂಗಳೂರಿನ ನಿಮ್ಮ ಹವ್ಯಾಸಿ ಸಂಘದಲ್ಲಿ ಯಕ್ಷಗಾನ, ತಾಳಮದ್ದಳೆ ಎರಡೂ ನಡೆಯುತ್ತವೆ, ಅಂಗವಿಕಲರಿಗೂ ಅವಕಾಶ ಕೊಡಬೇಕೆಂದು ಸಮಿತಿ ತೀರ್ಮಾನಿಸಿದೆ, ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ಅವರದೇ ಒಂದು ಕಾರ್ಯಕ್ರಮ ಇಟ್ಟರೆ ಸಾಕೇ ಎಂದು.

ಆ ಕಾರ್ಯಕ್ರಮ ಬೇಡ. ಮಳೆಗಾಲದ ನಿಮ್ಮ ಮಾಮೂಲಿ ತಾಳಮದ್ದಳೆ ಕೂಟದಲ್ಲಿ ಒಬ್ಬರಿಗೆ ಒಂದು ಅರ್ಥ, ಅಂದರೆ ಮಾತಿನ ಪಾತ್ರ, ಕೊಡಿ.

ನಾನು ಉಡುಪಿಯವನು. ಚಿಕ್ಕಂದಿನಲ್ಲಿ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಹೆಜ್ಜೆ ಕಲಿತಿದ್ದೆ. ಮನೆಯವರು ಬರಿಯ ಇರುಳುಗುರುಡು ಎಂದುಕೊಂಡಿದ್ದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ತಿಳಿದಾಗ ನನಗೆ ಹದಿನೈದು ವರ್ಷ. ಇದರಲ್ಲಿ ಮೊದಲು ಮಬ್ಬುಗತ್ತಲಲ್ಲಿ ಕಾಣದಾಗುತ್ತದೆ, ಬರುಬರುತ್ತಾ ಅಕ್ಕಪಕ್ಕದ ನೋಟವೂ ಕುಗ್ಗುತ್ತದೆ. ಒಮ್ಮೆ ಕುಣಿಯುತ್ತಾ ವೇದಿಕೆಯ ಅಂಚಿನಿಂದ ಕೆಳಗೆ ಬಿದ್ದೆ. ಅಲ್ಲಿಗೆ ನನ್ನ ಗೆಜ್ಜೆ ನಿಂತಿತು. ನನ್ನನ್ನು ಉಳಿಸಿದ್ದು ತಾಳಮದ್ದಳೆ.

ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತುಕೊಂಡೇ ಅರ್ಥ ಹೇಳುವುದು. ಹಾಡುಗಾರರಾದ ಭಾಗವತರು ಪದ್ಯ ಹೇಳಿ ನಿಲ್ಲಿಸಿದೊಡನೆ ಅರ್ಥಧಾರಿ ಅದನ್ನು ತನ್ನ ಮಾತಿನಲ್ಲಿ ಬೆಳೆಸಿ, ಎದುರು ಕುಳಿತವರ ವಾದಕ್ಕೆ ಅಲ್ಲೇ ಉತ್ತರ ಕೊಡುತ್ತಾ, ಕೊನೆಗೆ ಮುಂದಿನ ಪದ್ಯಕ್ಕೆ ಎತ್ತುಗಡೆ, ಅಂದರೆ ಅದನ್ನು ಎತ್ತಿಕೊಳ್ಳಲು ಸೂಚನೆಯಾಗುವ ಮಾತು, ಕೊಡಬೇಕು. ಬೇಕಾದದ್ದು ಕಿವಿ, ನೆನಪು, ನಾಲಗೆ. ಕಣ್ಣು ಕಾಣದವರಿಗೂ ಗಾಲಿಕುರ್ಚಿಯಲ್ಲಿರುವವರಿಗೂ ನಿಯಮವೊಂದನ್ನೂ ಬದಲಿಸದೆ ಜಾಗ ಕೊಡಬಲ್ಲ ಇಂಥ ಕಲೆ ನಮ್ಮ ಜಿಲ್ಲೆಗಳಲ್ಲೇ ಇದೆ. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಊರೂರಲ್ಲಿ ಕೂಟಗಳಾಗುತ್ತವೆ. ಆರಂಭಿಸಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಆದರೆ ಪಾತ್ರ ಹಂಚುವಾಗ ಎಚ್ಚರವಿರಲಿ. ಹತ್ತಿರಹತ್ತಿರ ಆರು ವರ್ಷ ನನಗೆ ಸಿಕ್ಕಿದ್ದು ಧೃತರಾಷ್ಟ್ರ ಮಾತ್ರ. ಕೊಟ್ಟವರಲ್ಲಿ ಕೆಟ್ಟ ಮನಸ್ಸಿರಲಿಲ್ಲ, ನನ್ನನ್ನು ನೋಡಿದೊಡನೆ ಅವರಿಗೆ ಹೊಳೆಯುತ್ತಿದ್ದದ್ದೇ ಅದು. ಕೊನೆಗೆ ಒಬ್ಬ ಹಿರಿಯ ಭಾಗವತರು, "ವಾಲಿಯ ಅರ್ಥಕ್ಕೆ ಇವರು ಕೂರಲಿ" ಎಂದರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನು ಮುಕ್ಕಾಲು ಗಂಟೆ ಕೇಳಿದೆ. ಕೂಟ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಇಬ್ಬರು ನನ್ನೊಡನೆ ಜಗಳವನ್ನೇ ಆಡಿದರು, ನನ್ನ ವಾದ ಎಲ್ಲಿ ಸಡಿಲವಾಯಿತು ಎಂದು. ಕಣ್ಣಿನ ಮಾತು ಯಾರೂ ಎತ್ತಲಿಲ್ಲ. ಅಂದು ಮನೆಗೆ ಹೋಗಿ ತುಂಬ ಹೊತ್ತು ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಇನ್ನು ಪ್ರಸಂಗದ, ಅಂದರೆ ಆಡುವ ಕಥೆಯ ಪದ್ಯಗಳ, ಪಠ್ಯ. ಹೆಚ್ಚಿನ ಸಂಘಗಳು ಎಡವುವುದು ಇಲ್ಲಿ. ಪದ್ಯಗಳನ್ನು ಪುಸ್ತಕದಿಂದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾರೆ. ನನ್ನ ಮೊಬೈಲ್ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಆದರೆ ಅದರ ಪಾಲಿಗೆ ಫೋಟೊ ಒಂದು ಚಿತ್ರ ಅಷ್ಟೇ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತವೂ ಪ್ರಯೋಜನಕ್ಕಿಲ್ಲ. ನಿಮ್ಮ ಕಣ್ಣಿಗೆ ಅದು ಕನ್ನಡವೇ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರಗಳ ಸಂಕೇತ. ಹಾಗಾಗಿ ಮೊಬೈಲ್ ಏನೇನೋ ಗೊಣಗುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳುಹಿಸಿ. ಅದಾಗದಿದ್ದರೆ ಭಾಗವತರು ಪದ್ಯಗಳನ್ನು ಹಾಡಿ ಧ್ವನಿಮುದ್ರಿಸಿ ಕೊಡಲಿ, ಕೂಟದ ಹಿಂದಿನ ದಿನವಲ್ಲ, ಎರಡು ವಾರ ಮೊದಲು.

ವೇದಿಕೆಯ ವಿಷಯ. ನಾನು ಕಂಡ ಸಭಾಂಗಣಗಳಲ್ಲಿ ಇಳಿಜಾರು ದಾರಿ ಇದ್ದರೂ ಅದು ಪ್ರೇಕ್ಷಕರ ಬಾಗಿಲಿಗೆ. ಕಲಾವಿದರು ಹತ್ತುವ ಕಡೆ ಮೆಟ್ಟಿಲುಗಳೇ. ಗಾಲಿಕುರ್ಚಿ ಬಳಸುವ ನನ್ನ ಸ್ನೇಹಿತನನ್ನು ಒಮ್ಮೆ ನಾಲ್ವರು ಕುರ್ಚಿಸಮೇತ ಎತ್ತಿದರು. ಕುರ್ಚಿ ಒಂದು ಕಡೆ ವಾಲಿದಾಗ ಅವನು ನನ್ನ ಹೆಗಲನ್ನು ಹಿಡಿದ ಹಿಡಿತ ಇನ್ನೂ ನೆನಪಿದೆ. ಮೇಲೆ ಹೋದ ಮೇಲೆ ಪಾತ್ರದ ಆರಂಭದಲ್ಲಿ ಹೇಳುವ ಪೀಠಿಕೆಯ ಮಾತೇ ಅವನಿಗೆ ಮರೆತುಹೋಗಿತ್ತು. ಹಲಗೆ ಇಟ್ಟು ತಳ್ಳುವುದೂ ಅಪಾಯ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ, ಮೂರು ಅಡಿಯ ವೇದಿಕೆಗೆ 36 ಅಡಿ. ಅಷ್ಟು ಜಾಗವಿಲ್ಲವೇ? ಎಲ್ಲರೂ ಕೆಳಗೆ ಬನ್ನಿ. ಕೊಯ್ಲಾದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು ನೆಲದ ಮೇಲೆಯೇ ಆಡುತ್ತಿದ್ದ ಬಯಲಾಟ ನಮ್ಮದು. ಸಭಾಂಗಣದ ನೆಲದಲ್ಲಿ ಜಮಖಾನೆ ಹಾಸಿ ಕೂಟ ನಡೆಸಿದರೆ ಕಲೆಗೇನೂ ಕುಂದಿಲ್ಲ.

ನನ್ನಂಥವರಿಗೆ ವೇದಿಕೆ ಏರಲು ತೊಂದರೆಯಿಲ್ಲ, ಅಂಚು ಗೊತ್ತಾಗಬೇಕು ಅಷ್ಟೇ. ಅಂಚಿನಿಂದ ಎರಡು ಅಡಿ ಒಳಗೆ, ಜಮಖಾನೆಯ ಅಡಿಯಲ್ಲಿ ತೆಂಗಿನ ನಾರಿನ ಹಗ್ಗವೊಂದನ್ನು ಉದ್ದಕ್ಕೂ ಎಳೆದು ಕಟ್ಟಿ. ಅಂಗಾಲಿಗೆ ಹಗ್ಗ ತಾಗಿದೊಡನೆ ನಿಲ್ಲುತ್ತೇನೆ. ಖರ್ಚು ಒಂದು ಹಗ್ಗದ್ದು.

ಸಂಭಾವನೆ ಎಲ್ಲರಷ್ಟೇ ಇರಲಿ. ಒಂದು ಕಡೆ ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟರು. ಪಕ್ಕದಲ್ಲಿ ಕುಳಿತವರಿಗೆ ಹಣದ ಕವರು ಕೊಟ್ಟರು. ಬಂದ ಆಟೊ ಬಾಡಿಗೆಯನ್ನೂ ನಾನೇ ಕೊಟ್ಟೆ. "ಪ್ರೋತ್ಸಾಹ" ಎಂಬ ಪದ ಅಂದಿನಿಂದ ನನಗೆ ನೋವು ಕೊಡುತ್ತದೆ.

ಸಮಿತಿಯಲ್ಲಿ ಯಾರಾದರೂ ಇದೆಲ್ಲ ದಾನಧರ್ಮ ಎಂದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ತೋರಿಸಿ. ಅಂಗವಿಕಲ ಕಲಾವಿದರಿಗೆ ನೆರವು ಕೊಡಬೇಕು, ಕಲಾ ತರಗತಿಗಳಲ್ಲಿ ಅವರು ಪಾಲ್ಗೊಳ್ಳುವಂತಾಗಬೇಕು, ಪಠ್ಯಕ್ರಮವನ್ನೂ ಅದಕ್ಕೆ ತಕ್ಕಂತೆ ರೂಪಿಸಬೇಕು ಎಂದು ಅದು ಸರ್ಕಾರಕ್ಕೆ ಹೊಣೆ ಹೊರಿಸುತ್ತದೆ. ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಆದ್ದರಿಂದ ನನ್ನ ಅನುಭವ ಎಲ್ಲರಿಗೂ ಹೊಂದುವುದಿಲ್ಲ. ಕಿವಿ ಕೇಳದವರಿಗೆ ತಾಳಮದ್ದಳೆಗಿಂತ ಮುಖವರ್ಣಿಕೆ, ವೇಷಭೂಷಣದ ಕೆಲಸ ಹೆಚ್ಚು ಹಿಡಿಸಬಹುದು. ಅದನ್ನೂ ನೀವು ಊಹಿಸಬೇಡಿ, ಅವರನ್ನೇ ಕೇಳಿ.

ಜನ ಎಲ್ಲಿ ಸಿಗುತ್ತಾರೆ ಎಂದೂ ಕೇಳಿದ್ದೀರಿ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಬಲ್ಲವರು ಅವರು. ಹೋಗಿ ಮಾತನಾಡಿ, "ಕಾರ್ಯಕ್ರಮಕ್ಕೆ ಬನ್ನಿ" ಎನ್ನದೆ "ಪ್ರತಿ ಭಾನುವಾರದ ಅಭ್ಯಾಸಕ್ಕೆ ಬನ್ನಿ" ಎಂದು ಕರೆಯಿರಿ, ಬಸ್ ನಿಲ್ದಾಣದಿಂದ ಕರೆದುಕೊಂಡು ಬರಲು ಒಬ್ಬರನ್ನು ಗೊತ್ತು ಮಾಡಿ. ಈ ಬಾರಿ ಯಾವ ಪ್ರಸಂಗ ಇಟ್ಟುಕೊಂಡಿದ್ದೀರಿ ಎಂದು ಇಲ್ಲಿ ಬರೆದರೆ, ನಾನು ಕೇಳಿ ಕಲಿತ ಪದ್ಯಗಳ ಧ್ವನಿಮುದ್ರಿಕೆ ಇದ್ದಲ್ಲಿ ಕಳುಹಿಸಿಕೊಡುತ್ತೇನೆ.