ಇಂಗ್ಲೆಂಡ್‌ನಲ್ಲಿ ಮನೆ ಬಾಡಿಗೆಗೆ ಕೊಟ್ಟರೆ ಪ್ರತಿ ವರ್ಷ ಗ್ಯಾಸ್ ಚೆಕ್ ಮಾಡಿಸಲೇಬೇಕಾ?

ಹೌದು, ಮಾಡಿಸಲೇಬೇಕು. ಅದು ಮಾಲೀಕರ ಹೊಣೆ. 1998ರ ಗ್ಯಾಸ್ ಸುರಕ್ಷತಾ ನಿಯಮಗಳ ಪ್ರಕಾರ ನೀವು ಒದಗಿಸಿದ ಬಾಯ್ಲರ್, ಗ್ಯಾಸ್ ಒಲೆ, ಹೊಗೆ ಕೊಳವೆ ಎಲ್ಲವನ್ನೂ 12 ತಿಂಗಳಿಗೊಮ್ಮೆ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ (ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಅಧಿಕೃತ ಪಟ್ಟಿ) ಹೆಸರಿರುವ ಎಂಜಿನಿಯರ್ ಪರೀಕ್ಷಿಸಬೇಕು. ಪರಿಚಯದ ಪ್ಲಂಬರ್ ಅಂತ ಸುಮ್ನೆ ಕರೆಸಬೇಡಿ, ಬಂದವರ ಐಡಿ ಕಾರ್ಡ್ ಹಿಂಭಾಗದಲ್ಲಿ ಅವರಿಗೆ ಯಾವ್ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಬರೆದಿರುತ್ತದೆ, ಅದನ್ನೂ ನೋಡಿ. ಬಾಯ್ಲರ್ ಸರ್ವಿಸ್ ಆಗಿದೆ ಅಂದರೆ ಸಾಲದು, ಅದು ಬೇರೆ, ಇದು ಬೇರೆ. ವರದಿಯ ಪ್ರತಿಯನ್ನು 28 ದಿನದೊಳಗೆ ಬಾಡಿಗೆದಾರರಿಗೆ ಕೊಡಿ. ಹೊಸಬರಿಗಾದರೆ ಅವರು ಮನೆಗೆ ಬರುವ ಮೊದಲೇ. ಕೊನೇ ದಿನದವರೆಗೆ ಕಾಯುವುದೂ ಬೇಡ: 10ನೇ ತಿಂಗಳು ಮುಗಿದ ಮೇಲೆ, 12 ತಿಂಗಳೊಳಗೆ ಯಾವಾಗ ಮಾಡಿಸಿದರೂ ಮುಂದಿನ ವರ್ಷದ ಗಡುವಿಗೆ ಹಳೇ ತಾರೀಖೇ ಮುಂದುವರಿಯುತ್ತದೆ. ಬಾಡಿಗೆದಾರರು ತಾವೇ ತಂದ ಒಲೆ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.