ಇಳಿದ ನೌಕೆಗೆ ಎರಡು ತಿಂಗಳ ಕೆಲಸ ಏನಿತ್ತು?

ಪ್ರಿಯ ಓದುಗರೇ,

ನಿಮ್ಮ ಪತ್ರ ಸಿಕ್ಕಿತು. ಸ್ವಲ್ಪ ಖಾರವಾಗಿಯೇ ಬರೆದಿದ್ದೀರಿ, ಪರವಾಗಿಲ್ಲ. ಕಳೆದ ಸಂಚಿಕೆಯಲ್ಲಿ ಅಮೆರಿಕದ ಹಳೆಯ ಬಾಹ್ಯಾಕಾಶ ನೌಕೆಯ ಬಗ್ಗೆ ನಾವು "ಸ್ಪೇಸ್ ಶಟಲ್ ವಿಮಾನದ ಹಾಗೆ ಇಳಿದು ಮತ್ತೆ ಹಾರುತ್ತಿತ್ತು" ಅಂತ ಒಂದು ಸಾಲು ಹಾಕಿದ್ದೆವು. ಅದನ್ನು ಹಿಡಿದು ನೀವು ಕೇಳಿದ್ದು ಇಷ್ಟು: ವಿಮಾನ ಇಳಿದು ಒಂದು ಗಂಟೆಯಲ್ಲಿ ಮತ್ತೆ ಹೊರಡುತ್ತದೆ, ಶಟಲ್‌ಗೆ ತಿಂಗಳುಗಟ್ಟಲೆ ಯಾಕೆ ಬೇಕಿತ್ತು? ಅಷ್ಟೊಂದು ರಿಪೇರಿ ಇದ್ದ ಮೇಲೆ ಮರುಬಳಕೆ ಅನ್ನುವುದು ಬರೀ ಬಾಯಿಮಾತಲ್ವಾ? ಪ್ರತಿ ಸಲ ಹೊಸದು ಕಟ್ಟಿ ಹಾರಿಸುವುದೇ ವಾಸಿ ಅಲ್ವಾ? ಕೊನೆಗೆ, ಹಳೆಯ ನೌಕೆಯಲ್ಲಿ ಕೂರಲು ಯಾರಿಗಾದರೂ ಧೈರ್ಯ ಬರುತ್ತದಾ?

ಮೊದಲು ತಪ್ಪೊಪ್ಪಿಗೆ. ಆ ಸಾಲನ್ನು ಹಾಗೇ ಬಿಟ್ಟವನು ನಾನೇ. ರನ್‌ವೇ ಮೇಲೆ ಚಕ್ರ ಊರುವಾಗ ಮಾತ್ರ ಶಟಲ್ ವಿಮಾನದ ಹಾಗಿತ್ತು, ಅದೂ ಎಂಜಿನ್ ನಿಂತುಹೋದ ವಿಮಾನ, ಇನ್ನೊಂದು ಸುತ್ತು ಹಾಕಿ ಬರುವ ದಾರಿಯೇ ಇಲ್ಲ. ಎರಡು ವಾರದಲ್ಲಿ ಮತ್ತೆ ಹಾರಿಸುತ್ತೇವೆ ಅನ್ನುವುದು ಮೂಲ ಯೋಜನೆ. ಅತಿ ಬೇಗ ಅಂದರೆ ಒಂದು ಉಡಾವಣೆಯಿಂದ ಮುಂದಿನ ಉಡಾವಣೆಗೆ 54 ದಿನ, ಅದೂ 1985ರಲ್ಲಿ ಅಟ್ಲಾಂಟಿಸ್ ನೌಕೆ, ಒಂದೇ ಒಂದು ಸಲ. ಒಂದೊಂದು ನೌಕೆ 100 ಸಲ ಹಾರಬೇಕು ಅಂತ ಕಟ್ಟಿದ್ದರು, ಎಲ್ಲಕ್ಕಿಂತ ಜಾಸ್ತಿ ಹಾರಿದ ಡಿಸ್ಕವರಿ ನಿಂತದ್ದು 39ಕ್ಕೆ.

ಯಾಕೆ? ಹೊರಮೈಯ ಬಿಲ್ಲೆಗಳಿಂದಲೇ ಶುರು ಮಾಡೋಣ.

ಶಟಲ್‌ನ ಮೈ ಬಹುಪಾಲು ಅಲ್ಯುಮಿನಿಯಂ. ಅದು ಸುಮಾರು 175 ಡಿಗ್ರಿ ಸೆಲ್ಸಿಯಸ್ ದಾಟಬಾರದು. ವಾತಾವರಣಕ್ಕೆ ನುಗ್ಗುವಾಗ ಹೊಟ್ಟೆಯ ಕೆಳಗೆ ಸಾವಿರ ಡಿಗ್ರಿಗೂ ಮೇಲೆ ಬಿಸಿ. ನಡುವೆ ಇದ್ದದ್ದು ಸಿಲಿಕಾ ಎಳೆಗಳಿಂದ ಮಾಡಿದ ಬಿಲ್ಲೆ, ಒಂದು ನೌಕೆಗೆ ಸುಮಾರು 24,000. ಕೈಯಲ್ಲಿ ಹಿಡಿದರೆ ಥರ್ಮೋಕೋಲ್‌ನಷ್ಟು ಹಗುರ, ಯಾಕೆಂದರೆ ಒಳಗೆ ಬಹುಪಾಲು ಖಾಲಿ ಜಾಗವೇ. ಕುಲುಮೆಯಿಂದ ಆಗತಾನೇ ತೆಗೆದ ತುಂಡು ಒಳಗೆ ಇನ್ನೂ ಕೆಂಪಗೆ ಹೊಳೆಯುತ್ತಿದ್ದರೂ ಅದರ ಮೂಲೆಗಳನ್ನು ಬರಿಗೈಯಲ್ಲಿ ಹಿಡಿದು ಎತ್ತಬಹುದು, ಅಷ್ಟು ನಿಧಾನ ಅದು ಶಾಖ ಬಿಟ್ಟುಕೊಡುವುದು. ಆದರೆ ಪೆಡಸು. ಅಲ್ಯುಮಿನಿಯಂ ಹಿಗ್ಗುತ್ತದೆ, ಬಾಗುತ್ತದೆ, ಬಿಲ್ಲೆಗೆ ಅದು ಗೊತ್ತಿಲ್ಲ, ಬಿರುಕು ಬಿಡುತ್ತದೆ. ಅದಕ್ಕೇ ಎರಡರ ನಡುವೆ ಫೆಲ್ಟ್ ಬಟ್ಟೆಯ ಮೆತ್ತೆ, ಮೇಲೂ ಕೆಳಗೂ ಸಿಲಿಕೋನ್ ಅಂಟು. ಇದರ ಜೊತೆಗೆ ನೌಕೆಯ ಮೈಯ ತಿರುವಿಗೆ ತಕ್ಕ ಹಾಗೆ ಒಂದೊಂದು ಬಿಲ್ಲೆಯ ಆಕಾರವೂ ಬೇರೆ, ಒಂದೊಂದಕ್ಕೂ ಅದರದ್ದೇ ನಂಬರು. ಒಂದು ಒಡೆದರೆ ಪಕ್ಕದ್ದನ್ನು ತಂದು ಅಲ್ಲಿ ಕೂರಿಸುವ ಹಾಗಿಲ್ಲ.

ಇನ್ನೊಂದು ತಾಪತ್ರಯ ನೀರಿನದು. ಬಿಲ್ಲೆ ಮಳೆನೀರನ್ನು ಸ್ಪಂಜಿನ ಹಾಗೆ ಹೀರುತ್ತದೆ. ತೂಕ ಏರುತ್ತದೆ, ಮೇಲೆ ಹೋದಾಗ ಹೆಪ್ಪುಗಟ್ಟಿ ಒಡೆಯಬಹುದು. ನೀರು ಹಿಡಿಯದ ಹಾಗೆ ಒಳಗೆ ಒಂದು ರಾಸಾಯನಿಕ ತುಂಬುತ್ತಿದ್ದರು, ಆದರೆ ವಾಪಸು ಬರುವ ಬಿಸಿಗೆ ಅದು ಸುಟ್ಟುಹೋಗುತ್ತಿತ್ತು. ಹಾಗಾಗಿ ಪ್ರತಿ ಹಾರಾಟ ಆದ ಮೇಲೂ ಬಿಲ್ಲೆ ಬಿಲ್ಲೆಗೂ ಮತ್ತೆ ಇಂಜೆಕ್ಷನ್. ಆ ದ್ರವ ವಿಷ ಬೇರೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ನೌಕೆಯ ಹೊಟ್ಟೆಯ ಕೆಳಗೆ ಕತ್ತೆತ್ತಿ ನಿಂತು ಮಾಡುವ ಕೆಲಸ. ವಿಮಾನಕ್ಕೆ ಹೀಗೆ ಯಾರು ಮಾಡುತ್ತಾರೆ ಹೇಳಿ.

ಎಂಜಿನ್ ಕತೆ ಬೇರೆಯೇ. ಒಂದು ಕಡೆ ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್, ಅದರ ಪಕ್ಕದಲ್ಲೇ 3,000 ಡಿಗ್ರಿ ದಾಟಿದ ಬೆಂಕಿ. ಇಂಧನ ತಳ್ಳುವ ಪಂಪು ನಿಮಿಷಕ್ಕೆ ಸುಮಾರು 35,000 ಸುತ್ತು ತಿರುಗುತ್ತಿತ್ತು. ಒಂದು ಹಾರಾಟದಲ್ಲಿ ಓಡುವುದು ಎಂಟೂವರೆ ನಿಮಿಷ ಅಷ್ಟೇ, ಅಷ್ಟಕ್ಕೇ ಟರ್ಬೈನ್ ರೆಕ್ಕೆಗಳಲ್ಲಿ ಕೂದಲೆಳೆ ಬಿರುಕು ಕಾಣಿಸಿಕೊಂಡದ್ದಿದೆ. ಹೀಗಾಗಿ ಎಂಜಿನ್‌ಗಳನ್ನು ನೌಕೆಯಿಂದ ಕಳಚಿ, ಒಳಗೆ ಕ್ಯಾಮೆರಾ ತೂರಿಸಿ ನೋಡಬೇಕಿತ್ತು.

ಇಲ್ಲಿಗೆ ನನಗೆ ಮುಖ್ಯ ಅನ್ನಿಸುವ ಮಾತು ಬಂತು. ಇಷ್ಟು ಸಲ ಬಿಚ್ಚಿ ಜೋಡಿಸುವುದೇ ಒಂದು ಅಪಾಯ. 1999ರ ಜುಲೈನಲ್ಲಿ ಕೊಲಂಬಿಯಾ ಮೇಲೇರಿದ ಐದೇ ಸೆಕೆಂಡಿಗೆ ಶಾರ್ಟ್ ಸರ್ಕ್ಯೂಟ್ ಆಯಿತು, ಎರಡು ಎಂಜಿನ್‌ಗಳ ಒಂದೊಂದು ಕಂಪ್ಯೂಟರ್ ಸತ್ತಿತು. ಪ್ರತಿ ಎಂಜಿನ್‌ಗೂ ಎರಡೆರಡು ಇದ್ದದ್ದರಿಂದ ಬಚಾವು. ಆಮೇಲೆ ಹುಡುಕಿದರೆ ಕಾರಣ ಒಂದು ವೈರು: ಸ್ಕ್ರೂ ತಲೆಯ ಮೇಲೆ ಎದ್ದಿದ್ದ ಚೂಪು ಅಂಚಿಗೆ ತಾಗಿ ಅದರ ಹೊದಿಕೆ ಹೋಗಿತ್ತು. ಅದೇ ಹಾರಾಟದಲ್ಲಿ ಇನ್ನೊಂದೂ ಆಯಿತು. ಎಂಜಿನ್ ಒಳಗೆ ಕೆಟ್ಟಿದ್ದ ಒಂದು ಕೊಳವೆಯನ್ನು ಮುಚ್ಚಲು ಹಿಂದೆ ಯಾವಾಗಲೋ ಚಿನ್ನದ ಲೇಪದ ಸಣ್ಣ ಪಿನ್ ಹೊಡೆದಿದ್ದರು. ಅದು ಕಿತ್ತುಕೊಂಡು ಹಾರಿ, ನಾಝಲ್‌ನ (ಎಂಜಿನ್‌ನ ಬೆಂಕಿ ಹೊರಬರುವ ಬಾಯಿ) ಗೋಡೆಗೆ ಬಡಿದು, ಮೂರು ತಂಪುಕೊಳವೆ ಒಡೆದು ಹೈಡ್ರೋಜನ್ ಸೋರತೊಡಗಿತು. ನೋಡಿ, ರಿಪೇರಿಗೆಂದು ಹಾಕಿದ್ದೇ ಗುಂಡಿನ ಹಾಗೆ ಹಾರಿತು! ಆ ನೌಕೆಯ ಮುಖ್ಯಸ್ಥೆ ಐಲೀನ್ ಕಾಲಿನ್ಸ್, ಶಟಲ್ ನಡೆಸಿದ ಮೊದಲ ಮಹಿಳಾ ಕಮಾಂಡರ್. ಅವರು ಹೊತ್ತೊಯ್ದ ಚಂದ್ರಾ ದೂರದರ್ಶಕವನ್ನು ಸುರಕ್ಷಿತವಾಗಿ ಬಿಟ್ಟು ಬಂದರು. ಆಮೇಲೆ ಶಟಲ್‌ಗಳನ್ನೆಲ್ಲ ನಿಲ್ಲಿಸಿ ವೈರು ತಪಾಸಣೆ ಮಾಡಿದರು. ಒಂದು ನೌಕೆಯೊಳಗೆ 300 ಕಿಲೋಮೀಟರ್‌ಗೂ ಹೆಚ್ಚು ವೈರು ಇರುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಕೆಲಸ ಮಾಡುವವರ ಕಾಲು, ಮೊಣಕೈ, ಉಪಕರಣ ತಾಗಿಯೇ ಎಷ್ಟೋ ಕಡೆ ಪೆಟ್ಟಾಗಿತ್ತು.

ಹಾಗಾಗಿ ಮರುಬಳಕೆಯನ್ನು ಅಳೆಯಬೇಕಾದ್ದು ಎಷ್ಟು ಭಾಗ ವಾಪಸು ಬಂತು ಅಂತ ಅಲ್ಲ, ಎರಡು ಹಾರಾಟಗಳ ನಡುವೆ ಎಷ್ಟು ಭಾಗವನ್ನು ಕೈಯಿಂದ ಮುಟ್ಟಬೇಕಾಯಿತು ಅಂತ. ಆ ಲೆಕ್ಕದಲ್ಲಿ ಶಟಲ್ ಸೋತಿತು, ನಿಮ್ಮ ಮಾತು ಒಪ್ಪುತ್ತೇನೆ. ಅಗ್ಗವಂತೂ ಆಗಲೇ ಇಲ್ಲ. ವರ್ಷಕ್ಕೆ ನಾಲ್ಕು ಸಲ ಹಾರಲಿ, ಒಂಬತ್ತು ಸಲ ಹಾರಲಿ, ಸಾವಿರಾರು ಕೆಲಸಗಾರರ ಸಂಬಳ ನಿಲ್ಲುವುದಿಲ್ಲ.

ಆದರೆ "ಬಿಸಾಡುವುದೇ ವಾಸಿ" ಅನ್ನುವುದನ್ನು ಒಪ್ಪಲಾರೆ.

ಸ್ಪೇಸ್‌ಎಕ್ಸ್ ಕಂಪನಿಯ ಈಗಿನ ಡ್ರ್ಯಾಗನ್ ನೌಕೆಯನ್ನೇ ನೋಡಿ. ರೆಕ್ಕೆ ಇಲ್ಲ, ದೊಡ್ಡ ಎಂಜಿನ್ ವಾಪಸು ತರುವ ಆಸೆ ಇಲ್ಲ, ಹಿಂದಿನ ಟ್ರಂಕ್ ಭಾಗ ಪ್ರತಿ ಸಲ ಹೊಸದು. ಮನುಷ್ಯರು ಕೂರುವ ಗೂಡು ಮಾತ್ರ ಪ್ಯಾರಾಚೂಟಿನಲ್ಲಿ ಸಮುದ್ರಕ್ಕೆ ಬೀಳುತ್ತದೆ. ಮುಟ್ಟಬೇಕಾದ್ದನ್ನೇ ಕಡಿಮೆ ಮಾಡಿಕೊಂಡ ಜಾಣತನ ಇದು. ಉಪ್ಪುನೀರಿನ ಕಾಟ ಇದ್ದೇ ಇದೆ, ಅದು ಬೇರೆ ಮಾತು.

ವಾಪಸು ಬಂದದ್ದರ ನಿಜವಾದ ಲಾಭ ಗೊತ್ತಾದದ್ದು 2021ರಲ್ಲಿ, ಅದೂ ಟಾಯ್ಲೆಟ್‌ನಿಂದ. ನಗಬೇಡಿ. ಸೆಪ್ಟೆಂಬರ್‌ನಲ್ಲಿ ನಾಲ್ವರು ಖಾಸಗಿ ಪ್ರಯಾಣಿಕರನ್ನು ಹೊತ್ತು ಹೋಗಿ ಬಂದ ಡ್ರ್ಯಾಗನ್‌ನ ನೆಲ ಬಿಚ್ಚಿ ನೋಡಿದಾಗ ಕೆಳಗೆಲ್ಲ ಮೂತ್ರ. ಅಂಟಿಸಿದ್ದ ಒಂದು ಕೊಳವೆ ಬಿಟ್ಟುಕೊಂಡಿತ್ತು. ಆಗ ಇನ್ನೊಂದು ಡ್ರ್ಯಾಗನ್ ಬಾಹ್ಯಾಕಾಶ ನಿಲ್ದಾಣದಲ್ಲೇ ನಿಂತಿತ್ತು. ಅದರೊಳಗೂ ನೋಡಿದರೆ ಅದೇ ಗತಿ. ಮೂತ್ರಕ್ಕೆ ಬೆರೆಸುವ ರಾಸಾಯನಿಕ ಅಲ್ಯುಮಿನಿಯಂ ತಿನ್ನುತ್ತದಾ ಅಂತ ಭೂಮಿಯಲ್ಲಿ ತುಂಡುಗಳನ್ನು ನೆನೆಹಾಕಿ ಪರೀಕ್ಷೆ ಮಾಡಿದರು. ಅಪಾಯವಿಲ್ಲ ಅಂತ ಗೊತ್ತಾದ ಮೇಲೆ ಗಗನಯಾನಿಗಳು ಡೈಪರ್ ಹಾಕಿಕೊಂಡು, ಟಾಯ್ಲೆಟ್ ಮುಟ್ಟದೆ ಇಳಿದರು. ಮುಂದಿನ ನೌಕೆಯಲ್ಲಿ ಅಂಟಿನ ಬದಲು ವೆಲ್ಡಿಂಗ್. ಮೊದಲ ನೌಕೆಯನ್ನು ಬಿಚ್ಚಿ ನೋಡದೇ ಇದ್ದಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು?

ಇದರ ಪಕ್ಕದಲ್ಲಿ 2024ರಲ್ಲಿ ಹಾರಿದ ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ನೌಕೆಯನ್ನು ಇಟ್ಟು ನೋಡಿ. ನಿಲ್ದಾಣದ ಹತ್ತಿರ ಹೋಗುವಾಗ ಅದರ ಥ್ರಸ್ಟರ್‌ಗಳು, ಅಂದರೆ ನೌಕೆಯ ದಿಕ್ಕು ತಿದ್ದುವ ಸಣ್ಣ ಎಂಜಿನ್‌ಗಳು, ಕೈಕೊಟ್ಟವು, ಕೊನೆಗೆ ಇಬ್ಬರು ಗಗನಯಾನಿಗಳನ್ನು ಮೇಲೇ ಬಿಟ್ಟು ನೌಕೆ ಖಾಲಿ ಇಳಿಯಿತು. ಇಳಿದದ್ದು ಮೇಲಿನ ಗೂಡು. ಕೈಕೊಟ್ಟ ಥ್ರಸ್ಟರ್‌ಗಳು ಇದ್ದದ್ದು ಬಿಸಾಡುವ ಭಾಗದಲ್ಲಿ, ಅದು ವಾತಾವರಣದಲ್ಲಿ ಸುಟ್ಟು ಬೂದಿ. ಏನು ಕೆಟ್ಟಿತು ಅಂತ ಕೈಯಲ್ಲಿ ಹಿಡಿದು ನೋಡಲು ಏನೂ ಉಳಿಯಲಿಲ್ಲ.

ಇನ್ನು ಹಳೆಯ ನೌಕೆಯಲ್ಲಿ ಕೂರುವ ಧೈರ್ಯದ ಪ್ರಶ್ನೆ. 2020ರಲ್ಲಿ ಎಂಡೆವರ್ ಹೆಸರಿನ ಡ್ರ್ಯಾಗನ್‌ನಲ್ಲಿ ಗಗನಯಾನಿ ಬಾಬ್ ಬೆನ್ಕೆನ್ ಹೋಗಿ ಬಂದರು. ಅದನ್ನೇ ತೊಳೆದು, ಸರಿಮಾಡಿ 2021ರ ಏಪ್ರಿಲ್‌ನಲ್ಲಿ ಮತ್ತೆ ಹಾರಿಸಿದಾಗ ಅವರು ಕೂತಿದ್ದ ಸೀಟಿನಲ್ಲೇ ಕೂತವರು ಮೇಗನ್ ಮ್ಯಾಕ್ಆರ್ಥರ್, ಅವರ ಹೆಂಡತಿ. ಡೈಪರ್ ಹಾಕಿಕೊಂಡು ಇಳಿದ ತಂಡದಲ್ಲೂ ಅವರಿದ್ದರು.

"ವಿಮಾನದ ಹಾಗೆ" ಅನ್ನುವ ಸಾಲಿಗೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ.

— ಸಂಪಾದಕ