ಹ್ಯಾಮ್ಲೆಟ್‌ನ ತೊಡಕು

ಪ್ರಶ್ನೆ: ಕಳೆದ ಸಂಚಿಕೆಯ ಲೇಖನದಲ್ಲಿ ಹ್ಯಾಮ್ಲೆಟ್‌ನ ‘ದೇರ್ಸ್ ದ ರಬ್’ ಎಂಬ ಮಾತು ‘ತೊಡಕಿರುವುದೇ ಅಲ್ಲಿ’ ಎಂದಾಗಿದೆ. ನಿಘಂಟಿನಲ್ಲಿ ‘ರಬ್’ ಎಂದರೆ ಉಜ್ಜು, ತಿಕ್ಕು. ತೊಡಕು ಎಲ್ಲಿಂದ ಬಂತು? ರಬ್ಬರಿಗೂ ಇದಕ್ಕೂ ನಂಟಿದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ತೊಡಕು ಬಂದದ್ದು ಆಟದ ಬಯಲಿನಿಂದ. ಷೇಕ್ಸ್‌ಪಿಯರನ ಕಾಲದ ಇಂಗ್ಲೆಂಡಿನಲ್ಲಿ ಹುಲ್ಲುಹಾಸಿನ ಮೇಲೆ ಚೆಂಡು ಉರುಳಿಸುವ ‘ಬೌಲ್ಸ್’ ಆಟವನ್ನು ಎಲ್ಲರೂ ಬಲ್ಲರು. ಉರುಳುವ ಚೆಂಡು ನೆಲದ ಉಬ್ಬುತಗ್ಗಿಗೆ ಸಿಕ್ಕಿ ನಿಧಾನವಾದರೆ ಅಥವಾ ದಾರಿ ತಪ್ಪಿದರೆ ಅದಕ್ಕೆ ‘ರಬ್’ ಎನ್ನುತ್ತಿದ್ದರು. ಸಾಕ್ಷಿ ಬೇಕಿದ್ದರೆ ಅವನದೇ ‘ಎರಡನೇ ರಿಚರ್ಡ್’ ನಾಟಕವಿದೆ. ದುಃಖದಲ್ಲಿರುವ ರಾಣಿಯನ್ನು ಸಖಿ ಬೌಲ್ಸ್ ಆಡೋಣವೆಂದು ಕರೆಯುತ್ತಾಳೆ. ರಾಣಿ ಒಲ್ಲೆನೆನ್ನುತ್ತಾಳೆ: ಆಡಿದರೆ ಲೋಕದ ತುಂಬ ‘ರಬ್’ಗಳೇ ಎಂಬುದು ನೆನಪಾಗುತ್ತದಂತೆ.

ಈಗ ಹ್ಯಾಮ್ಲೆಟ್‌ನನ್ನು ಮತ್ತೆ ಓದಿ. ಸಾಯುವುದೆಂದರೆ ನಿದ್ರಿಸುವುದು, ಅಲ್ಲಿಗೆ ಎದೆಯ ನೋವೆಲ್ಲ ಮುಗಿಯಿತು ಎಂದು ಅವನ ವಾದ ಸರಾಗವಾಗಿ ಉರುಳುತ್ತದೆ. ನಿದ್ದೆಯಲ್ಲಿ ಕನಸೂ ಬೀಳಬಹುದಲ್ಲ ಎಂಬಲ್ಲಿಗೆ ಬಂದಾಗ ತಟ್ಟನೆ ಎಡವುತ್ತದೆ. ಎಡವಿದ ಆ ಜಾಗವೇ ‘ರಬ್’. ‘ವಿಘ್ನ’ ಎಂದಿದ್ದರೆ ಅದು ಹೊರಗಿನಿಂದ ಬಂದೆರಗಿದಂತೆ ಕೇಳಿಸುತ್ತಿತ್ತು; ‘ಎಡವಟ್ಟು’ ಆ ಗಳಿಗೆಗೆ ತೀರ ಹಗುರ. ತೊಡಕು ಅವನ ಯೋಚನೆಯ ದಾರಿಯಲ್ಲೇ ಇದೆ. ನಮ್ಮ ಲೇಖಕರ ಆಯ್ಕೆ ಸರಿಯೆಂದೇ ನಾನು ನಂಬುತ್ತೇನೆ.

ಇನ್ನು ರಬ್ಬರು. ಅದರ ಹೆಸರು ಹುಟ್ಟಿದ್ದು ನೀವು ಹೇಳಿದ ಉಜ್ಜುವ ಅರ್ಥದಿಂದಲೇ. ಮೊದಲು ಸೀಸದಕಡ್ಡಿಯ ಗೆರೆಗಳನ್ನು ಬ್ರೆಡ್ಡಿನ ತುಣುಕಿನಿಂದ ಅಳಿಸುತ್ತಿದ್ದರು. ಮರದ ಹಾಲಿನಿಂದಾದ ವಸ್ತುವೊಂದು ಅದನ್ನು ಇನ್ನೂ ಚೆನ್ನಾಗಿ ಅಳಿಸುತ್ತದೆಂದು ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ 1770ರಲ್ಲಿ ಬರೆದ. ಲಂಡನ್ನಿನಲ್ಲಿ ಅದನ್ನು ಮಾರುತ್ತಿದ್ದ ಎಡ್ವರ್ಡ್ ನೈರ್ನ್, ಅರ್ಧ ಅಂಗುಲದ ತುಂಡಿಗೆ 3 ಷಿಲಿಂಗ್ ಕೇಳುತ್ತಿದ್ದ. ಆ ಕಾಲಕ್ಕೆ ಅದು ಸಣ್ಣ ಬೆಲೆಯಲ್ಲ. ಮುಂದೆ ಟೈರು, ಚಪ್ಪಲಿಗಳಿಗೆಲ್ಲ ಬಳಕೆಯಾದ ವಸ್ತುವಿಗೂ ಅಳಿಸುವ ಕೆಲಸದ ಹೆಸರೇ ಉಳಿಯಿತು. ಇಸ್ಪೀಟಿನ ಬ್ರಿಜ್ ಆಟದ ‘ರಬ್ಬರ್’ ಬೇರೆ. ಅದರ ಮೂಲ ಇನ್ನೂ ಇತ್ಯರ್ಥವಾಗಿಲ್ಲ.

ನೀವು ಕೊಟ್ಟ ಎರಡು ಕನ್ನಡ ಪದಗಳ ಬಗ್ಗೆಯೂ ಒಂದು ಮಾತು. ಪಾತ್ರೆಯನ್ನು ಉಜ್ಜುತ್ತೇವೆ, ಬೆನ್ನು ತಿಕ್ಕುತ್ತೇವೆ, ಸರಿ. ಆದರೆ ಗಂಧವನ್ನು ತೇಯುತ್ತೇವೆ, ಚಿನ್ನವನ್ನು ಒರೆಗೆ ಹಚ್ಚುತ್ತೇವೆ, ಮುಲಾಮು ಸವರುತ್ತೇವೆ. ಇಂಗ್ಲಿಷಿಗೆ ಇವೆಲ್ಲಕ್ಕೂ ‘ರಬ್’ ಒಂದೇ ಸಾಕು, ನಮಗೆ ಸಾಲದು. ಇತ್ತೀಚಿನ ಅನುವಾದಗಳಲ್ಲಿ ‘ಗಂಧವನ್ನು ಉಜ್ಜಿದಳು’ ಎಂಬಂಥ ಸಾಲು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಮ್ಮ ಪತ್ರಿಕೆಯಲ್ಲೇ ಅಂಥದ್ದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಪುಟಸಂಖ್ಯೆಯ ಸಮೇತ ಬರೆದು ಕಳುಹಿಸಿ.

– ಸಂಪಾದಕ